ಟಾನ್ಸಿಲ್ಸಿಗೊಂದು ದಾವತ್ತು

ನಮ್ಮ ಮನೆಯಲ್ಲಿ ಹತ್ತಿ ಇಲ್ಲದ ಜಾಗ ಅಂತ ಇದ್ದರೆ ಅದು ನೀರಿನ ಹಂಡೆಯ ಒಳಗೆ ಮಾತ್ರ, ಅದೂ ಮುಚ್ಚಳ ಹಾಕಿದ್ದರೆ. ಗುಬ್ಬಿಯಲ್ಲಿ ನಮ್ಮದು ಉದ್ದನೆ ಮನೆ, ಒಂದರ ಹಿಂದೆ ಒಂದು ನಾಲ್ಕು ಕೋಣೆ. ಮುಂದಿನದು ಅಬ್ಬಾನ ಹಾಸಿಗೆ ಅಂಗಡಿ, ಆಮೇಲೆ ನಡುಮನೆ, ಆಮೇಲೆ ನಾವು ಮಲಗುವ ಕತ್ತಲೆ ಕೋಣೆ, ಕಟ್ಟಕಡೆಗೆ ಅಡುಗೆಮನೆ. ಬೆಳಗ್ಗೆ ಅಬ್ಬಾ ಹತ್ತಿ ಹಿಂಜುವ ಮಷೀನು ಶುರು ಮಾಡಿದರು ಅಂದ್ರೆ ಮುಗೀತು, ಚಹಾದಲ್ಲಿ ಹತ್ತಿ, ಸಾರಿನಲ್ಲಿ ಹತ್ತಿ, ನನ್ನ ಎರಡು ಜಡೆಯಲ್ಲೂ ಹತ್ತಿ. ಸ್ಕೂಲಿನಲ್ಲಿ ಟೀಚರ್ ಒಂದು ದಿನ ನನ್ನ ತಲೆ ನೋಡಿ, "ಏನೇ ಶಾಹಿನಾ, ನನಗಿಂತ ಮೊದಲು ನಿನಗೇ ಮುಪ್ಪು ಬಂತಾ" ಅಂತ ಕೇಳಿ ಕ್ಲಾಸನ್ನೆಲ್ಲ ನಗಿಸಿದ್ದರು. ಮನೆಯಲ್ಲಿ ನಾವು ಐದು ಜನ: ಅಬ್ಬಾ, ಅಮ್ಮಿ, ಅಬ್ಬಾನ ತಾಯಿ ದಾದಿ, ಒಂಬತ್ತು ವರ್ಷದ ನಾನು, ಆರು ವರ್ಷದ ತಮ್ಮ ನಜೀರ್. ಹೊಸಿಲ ಒಳಗೆ ಉರ್ದು, ದಾಟಿದರೆ ಕನ್ನಡ. ಇಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಕನ್ನಡವನ್ನೇ ಆಡಿಸ್ತೀನಿ, ಯಾಕಂದ್ರೆ ದಾದಿಯ ಬೈಗುಳಗಳನ್ನ ಇದ್ದ ಹಾಗೇ ಬರೆದರೆ ಅಚ್ಚು ಹಾಕುವವರು ಒಪ್ಪೋದಿಲ್ಲ.

ನನಗೆ ಗಂಟಲು ಊದಿಕೊಳ್ಳುವುದು ತಿಂಗಳಿಗೊಂದು ಸಲ, ತಪ್ಪದೆ. ಎಂಜಲು ನುಂಗಿದರೆ ಕಣ್ಣಲ್ಲಿ ನೀರು. "ಕಿರುನಾಲಿಗೆ ಇಳಿದಿದೆ" ಅಂತ ದಾದಿ ತೀರ್ಪು ಕೊಟ್ಟು, ಹೆಬ್ಬೆರಳಿಗೆ ಉಪ್ಪು ಅರಿಶಿನ ಮೆತ್ತಿಕೊಂಡು, ಅದನ್ನ ನನ್ನ ಬಾಯೊಳಗೆ ತೂರಿಸಿ ಆ ಕಡೆ ಒಂದು ಸಲ ಈ ಕಡೆ ಒಂದು ಸಲ ಒತ್ತುತ್ತಿದ್ದಳು. ಅಮ್ಮಿ ಕೈ ಹಿಡಿಯೋಳು, ಅಬ್ಬಾ ಕಾಲು ಹಿಡಿಯೋರು, ನಜೀರ್ ಎದುರಿಗೇ ಮಣೆ ಹಾಕಿಕೊಂಡು ಕೂತು ನೋಡೋನು. ಎರಡು ಸಲ ನಾನು ಆ ಹೆಬ್ಬೆರಳನ್ನ ಕಚ್ಚಿದೀನಿ. ದಾದಿ ಆ ಗಾಯವನ್ನ ಬಂದವರಿಗೆಲ್ಲ ತೋರಿಸಿ, "ನಾಯಿ ಸಾಕಿದ್ರೂ ಇಷ್ಟು ಕಚ್ತಿರ್ಲಿಲ್ಲ" ಅನ್ನೋಳು. ಪಕ್ಕದ ಮನೆ ಗಂಗಮ್ಮ ಕಡಬದವರು, ಅಲ್ಲಿ ತೆಂಗಿನ ತೋಟ, ಮಕ್ಕಳ ಸ್ಕೂಲಿಗಂತ ಗುಬ್ಬಿಯಲ್ಲಿ ಮನೆ. ಅವರು ಬೆಲ್ಲ ಸುಣ್ಣ ಕಲಸಿ ನನ್ನ ಕುತ್ತಿಗೆಗೆ ಬಳಿಯೋರು. ಅದರ ಮೇಲೆ ಅಬ್ಬಾ ಅಂಗಡಿಯ ಹತ್ತಿ ಸುತ್ತೋರು. ಯಾವ ಹತ್ತಿಯಿಂದ ಗಂಟಲು ಕೆಟ್ಟಿತ್ತೋ ಅದೇ ಹತ್ತಿ. ಮೂರು ಜನದ ಮೂರು ಔಷಧಿಗೂ ಬಗ್ಗದೆ ಜ್ವರ ಏರಿದ ಮೇಲೆ ಅಬ್ಬಾ ನನ್ನನ್ನ ತುಮಕೂರಿನ ಗಂಟಲ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಕನ್ನಡಕ ಏರಿಸಿಕೊಂಡು ಕೇಳಿದರು.

"ಮನೇಲಿ ಧೂಳು ಗೀಳು ಏನಾದ್ರೂ ಇದೆಯೇನ್ರೀ?"

"ಇಲ್ಲ ಸಾರ್. ಮನೆ ಬಾಳ ಕ್ಲೀನು."

ಹೇಳುತ್ತಿರುವಾಗಲೇ ಅಬ್ಬಾನ ಹುಬ್ಬಿನಿಂದ ಒಂದು ಎಳೆ ಹತ್ತಿ ಬಿಟ್ಟುಕೊಂಡು, ಫ್ಯಾನಿನ ಗಾಳಿಗೆ ತೇಲಿ, ಡಾಕ್ಟರ ಟೇಬಲ್ ಮೇಲೆ ಹೋಗಿ ಕೂತಿತು. ಡಾಕ್ಟರು ಅದನ್ನ ನೋಡಿದರು, ಅಬ್ಬಾನ ಮೀಸೆ ನೋಡಿದರು, ಟಾರ್ಚ್ ಆರಿಸಿದರು. ಎರಡೂ ಟಾನ್ಸಿಲ್ಸ್ ಕೆಟ್ಟಿವೆ, ತೆಗೆದುಬಿಡೋಣ, ಬುಧವಾರ ಅಡ್ಮಿಟ್ ಆಗಿ, ಗುರುವಾರ ಆಪರೇಷನ್, ಶುಕ್ರವಾರ ಸಂಜೆ ಹೊತ್ತಿಗೆ ಮನೆ ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಅಳಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಹಿಂದಿನ ವರ್ಷ ನಜೀರನಿಗೆ ಸುನ್ನತ್ ಆಗಿತ್ತು. ನಮ್ಮಲ್ಲಿ ಗಂಡುಮಕ್ಕಳಿಗೆ ಅದೊಂದು ಸಣ್ಣ ಮದುವೆ ಇದ್ದ ಹಾಗೆ. ಜರಿ ಟೋಪಿ, ಮಂಡಿವರೆಗೂ ಇಳಿಬಿದ್ದ ಮಲ್ಲಿಗೆ ಹಾರ, ಬೀದಿಗೆಲ್ಲ ಬಿರಿಯಾನಿಯ ದಾವತ್ತು. ಅಬ್ಬಾನ ಅಕ್ಕ, ನಮ್ಮ ಫೂಫಿ, ಕುಣಿಗಲ್ಲಿನವಳು. ಕುದುರೆಗಳ ಊರಿನವಳಾಗಿ ಕುದುರೆ ಇಲ್ಲದೆ ಬಂದರೆ ಮರ್ಯಾದೆ ಏನಾಯ್ತು ಅಂತ ಎಲ್ಲಿಂದಲೋ ಒಂದು ಜಟಕಾ ಕುದುರೆ ಹಿಡಿಸಿಕೊಂಡು ಬಂದು, ಅದರ ಮೇಲೆ ಅವನನ್ನ ಕೂರಿಸಿ ಪೇಟೆಯೆಲ್ಲ ಸುತ್ತಿಸಿದ್ದಳು. ಆವತ್ತು ನಾನು ಲೋಟಗಳಿಗೆ ನೀರು ತುಂಬಿಸುತ್ತಿದ್ದೆ. ನನ್ನ ಸರದಿ ಯಾವಾಗ ಅಂತ ಅಮ್ಮಿಯನ್ನ ಕೇಳಿದ್ದಕ್ಕೆ ಅಲ್ಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದರು.

"ಅಬ್ಬಾ, ನನಗೂ ಕುದುರೆ ಬರುತ್ತಾ?"

"ಯಾವ ಕುದುರೆ?"

"ನಜೀರನಿಗೆ ಬಂದಿತ್ತಲ್ಲ. ಅವನಿಗೆ ಕತ್ತರಿ ಒಂದೇ ಕಡೆ. ನನಗೆ ಎರಡು ಕಡೆ."

ಅಬ್ಬಾ ಗುಬ್ಬಿ ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತರು. ಅವರ ಭುಜ ಕುಲುಕುತ್ತಿದ್ದದ್ದು ಬಸ್ಸಿಗಲ್ಲ ಅಂತ ಈಗ ಗೊತ್ತಾಗುತ್ತೆ.

ರಾತ್ರಿ ಊಟದ ಚಾಪೆ ಮೇಲೆ ನಾನು ವಿಷಯ ಎತ್ತಿದೆ. ಕುದುರೆ ಬೇಡ, ಹೋಗಲಿ ಬಿಡಿ, ಹಾರ ಮತ್ತೆ ದಾವತ್ತು ಆದರೂ ಆಗಲೇಬೇಕು ಅಂದೆ. ದಾದಿ ತುತ್ತು ಕೈಯಲ್ಲೇ ಹಿಡಿದು ನನ್ನನ್ನ ನೋಡಿದಳು.

"ದಾವತ್ತೂ ಇಲ್ಲ, ಗೀವತ್ತೂ ಇಲ್ಲ. ಇದು ಯಾರ ಕಿವಿಗೂ ಬೀಳಬಾರದು. ಹೆಣ್ಣು ಹುಡುಗಿ ಗಂಟಲಿಗೆ ಕತ್ತರಿ ಬಿತ್ತು ಅಂತ ಗೊತ್ತಾದ್ರೆ, ನಾಳೆ ನೋಡೋಕೆ ಬಂದೋರು ದನಿ ಹೋಗಿದ್ಯಾ, ಉಸಿರು ಸರಿಗಿದ್ಯಾ ಅಂತ ಕೇಳ್ತಾರೆ."

"ಅಮ್ಮಾ, ಅವಳಿಗಿನ್ನೂ ಒಂಬತ್ತು," ಅಂದರು ಅಬ್ಬಾ.

"ಒಂಬತ್ತು ಹತ್ತೊಂಬತ್ತಾಗೋಕೆ ಎಷ್ಟು ಹೊತ್ತು? ಅದರಲ್ಲೂ ನಿನ್ನ ಅಕ್ಕನಿಗೆ ಗೊತ್ತಾದ್ರೆ ಕುಣಿಗಲ್ ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಆದ ಹಾಗೇ."

"ಮತ್ತೆ ನಜೀರನಿಗೆ ಯಾಕೆ ಮಾಡಿದ್ರಿ?" ಅಂತ ನಾನು ಕಿರುಚಿದೆ.

"ಅವನದು ದೀನಿನ, ಧರ್ಮದ ಕೆಲಸ. ನಿಂದು ಕಾಯಿಲೆ."

ನನಗೆ ಹೊಟ್ಟೆ ಉರಿದುಹೋಯಿತು. ಇವತ್ತಿಗೂ ಯಾರಾದರೂ ಅಷ್ಟು ಚುಟುಕಾಗಿ ನನ್ನ ಬಾಯಿ ಮುಚ್ಚಿಸಿದರೆ ಅವತ್ತಿನ ಹಾಗೇ ಕಿವಿ ಬಿಸಿಯಾಗುತ್ತೆ. ಅಮ್ಮಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅಬ್ಬಾ ತಲೆ ತಗ್ಗಿಸಿಕೊಂಡು ಉಂಡರು. ನಜೀರನನ್ನ ಕುಣಿಗಲ್ಲಿನ ಫೂಫಿ ಮನೆಗೆ ರಜಕ್ಕೆ ಅಂತ ಕಳಿಸೋದು, ನಾವು ನಾಲ್ಕು ಜನ ತುಮಕೂರಿಗೆ ಯಾವುದೋ ಮದುವೆಗೆ ಅಂತ ಹೋಗೋದು ಎಂದು ದಾದಿ ಅಲ್ಲೇ ಕೈ ತೊಳೆಯುತ್ತಾ ಪ್ಲಾನ್ ಹಾಕಿಬಿಟ್ಟಳು.

ಪ್ಲಾನ್ ಹಾಕೋದು ಬರೀ ಅವಳಿಗೇ ಬರುತ್ತಾ? ನಮ್ಮ ಬೀದಿಯಲ್ಲಿ ಆಗ ಕಾರ್ಡು ಕೊಟ್ಟು ಕರೆಯುವ ರೂಢಿ ಇರಲಿಲ್ಲ. ಮನೆಯ ಹೆಣ್ಣುಮಕ್ಕಳು ಬಾಗಿಲಿಂದ ಬಾಗಿಲಿಗೆ ಹೋಗಿ ಬಾಯಲ್ಲಿ ಹೇಳಿ ಬರಬೇಕು. ಅದರಲ್ಲಿ ಎರಡು ತರ. ಒಂದು, ಮನೆಗೊಬ್ಬರು ಬನ್ನಿ ಅನ್ನೋದು. ಇನ್ನೊಂದು 'ಒಲೆ ಬಂದ್'. ಅಂದ್ರೆ ಅಜ್ಜಿಯಿಂದ ಹಿಡಿದು ತೊಟ್ಟಿಲ ಮಗುವಿನ ತನಕ ಎಲ್ಲರಿಗೂ ಊಟ ನಮ್ಮಲ್ಲೇ, ಆ ಹೊತ್ತು ನಿಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚಬೇಡಿ ಅಂತ. ಮದುವೆ ಮುಂತಾದ ದೊಡ್ಡ ಕೆಲಸಕ್ಕೆ ಮಾತ್ರ ಒಲೆ ಬಂದ್ ಹೇಳೋದು. ಹಾಗೆ ಹೇಳಿದ ಮೇಲೆ ಭೂಮಿ ಬಾಯಿಬಿಟ್ಟರೂ ಹಿಂದೆ ತಗೊಳ್ಳೋ ಹಾಗಿಲ್ಲ. ನಜೀರನ ಸುನ್ನತ್ತಿಗೆ ಅಮ್ಮಿಯ ಹಿಂದೆ ಸುತ್ತಿದ್ದರಿಂದ ಆ ಮಾತುಗಳೆಲ್ಲ ನನಗೆ ಬಾಯಿಪಾಠ. ಮಂಗಳವಾರ ಮಧ್ಯಾಹ್ನ ದಾದಿ ಗೊರಕೆ ಶುರು ಮಾಡಿದ ತಕ್ಷಣ ತಲೆಗೆ ದುಪಟ್ಟ ಹೊದ್ದುಕೊಂಡು ಹೊರಟೆ.

"ಅಸ್ಸಲಾಮು ಅಲೈಕುಂ. ದಾದಿ ಸಲಾಂ ಹೇಳಿದಾಳೆ. ಶುಕ್ರವಾರ ಮಗ್ರಿಬ್ ನಮಾಜ್ ಆದ್ಮೇಲೆ ನನ್ನ ಟಾನ್ಸಿಲ್ಸ್ ದಾವತ್ತು. ಮನೆ ಮಂದಿಯೆಲ್ಲ ಬರ್ಬೇಕು. ಒಲೆ ಬಂದ್."

ಟಾನ್ಸಿಲ್ಸ್ ಅಂದ್ರೆ ಏನು ಅಂತ ಕೇಳಿದವರಿಗೆ ಬಾಯಿ ತೆರೆದು ತೋರಿಸಿದೆ. ಇದಕ್ಕೂ ದಾವತ್ತಾ ಅಂತ ಇಬ್ಬರು ಹುಬ್ಬೇರಿಸಿದರು, ಆದರೆ ದಾದಿಯ ಹೆಸರು ಕೇಳಿದ ಮೇಲೆ ತೆಪ್ಪಗಾದರು. ಕರೆದವರ ಮನೆಗೆ ಹೋಗಿ, ಕರೆದದ್ದು ನಿಜಾನಾ ಅಂತ ಕೇಳುವುದು ನಮ್ಮಲ್ಲಿ ದೊಡ್ಡ ಅವಮಾನ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹನ್ನೊಂದು ಮನೆ ಮುಗಿಸಿ, ಹನ್ನೆರಡನೆಯದಾಗಿ ಗಂಗಮ್ಮನ ಬಾಗಿಲಿಗೆ ಹೋಗಿ ಅದನ್ನೇ ಕನ್ನಡದಲ್ಲಿ ಹೇಳಿದೆ. ಶುಕ್ರವಾರ ಸಂಜೆ ನಿಮ್ಮನೆ ಒಲೆ ಹಚ್ಚಬೇಡಿ, ನನಗೆ ಆಪರೇಷನ್ ಅಂತ.

"ಥೂ, ಬಿಡ್ತು ಅನ್ನು!" ಗಂಗಮ್ಮ ಮೊರ ಕೆಳಗಿಟ್ಟು ಎದ್ದೇ ನಿಂತರು. "ಬೀದೀಲಿ ಯಾರಾನ ಸತ್ರೆ ಕಣೇ ನಾವು ಒಲೆ ಹಚ್ದೆ ಇರೋದು. ಆಪ್ರೇಸನ್ನು ಅಂತೀಯ, ಒಲೆ ಹಚ್ಬೇಡಿ ಅಂತೀಯ, ಏನ್ಲೇ ನಿನ್ ಮಾತು?"

ನಾನು ಬಿಡಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬತ್ತೀನಿ ಬುಡು. ಆದ್ರೆ ಶುಕ್ರವಾರ ನಾನು ಮಾಂಸ ಮುಟ್ಟಕಿಲ್ಲ, ನಿಮ್ಮಮ್ಮಂಗೆ ಹೇಳು" ಅಂದರು. ಸಂಜೆ ನಜೀರನನ್ನ ಹಂಡೆ ಹಿಂದೆ ನಿಲ್ಲಿಸಿ, ಫೂಫಿಗೆ ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಿದೆ. ಹೇಳದೆ ಇದ್ದರೆ ಜರಿ ಟೋಪಿ ಒಲೆಗೆ ಹಾಕ್ತೀನಿ ಅಂತ ಹೆದರಿಸಿದ್ದೂ ನಿಜ.

ಆಪರೇಷನ್ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಮೂಗಿಗೆ ರಬ್ಬರ್ ಮುಚ್ಚಳ ಇಟ್ಟು ಹತ್ತರ ತನಕ ಎಣಿಸು ಅಂದರು. ನಾನು ಕ್ಲಾಸಿಗೇ ಎಣಿಕೆಯಲ್ಲಿ ಫಸ್ಟು ಅಂತ ತೋರಿಸೋಕೆ ಹೋಗಿ ನಾಲ್ಕಕ್ಕೇ ಬಿದ್ದೆ. ಎಚ್ಚರ ಆದಾಗ ಗಂಟಲಲ್ಲಿ ಒಲೆ ಇಟ್ಟ ಹಾಗಿತ್ತು. ಎರಡು ದಿನ ಒಂದು ಮಾತೂ ಆಡಬಾರದು, ಆಮೇಲೂ ಒಂದು ವಾರ ಮೆತ್ತಗೆ ಅಂತ ಡಾಕ್ಟರು ಹೇಳಿದಾಗ ದಾದಿಯ ಮುಖ ಈದ್ ಚಂದ್ರನನ್ನ ಕಂಡ ಹಾಗೆ ಅರಳಿತು. "ಇನ್ನೊಂದು ವಾರ ಸೇರಿಸೋಕಾಗಲ್ವಾ ಡಾಕ್ಟ್ರೇ?" ಅಂತ ಕೇಳಿಯೇಬಿಟ್ಟಳು.

ಶುಕ್ರವಾರ ಬೆಳಗ್ಗೆ ಮಂಚದ ಮೇಲೆ ಕೂತಾಗ ಮೊದಲ ಸಲ ನನಗೆ ಲೆಕ್ಕ ಹೊಳೆಯಿತು. ಹನ್ನೆರಡು ಮನೆ ಒಲೆ ಬಂದ್, ನಮ್ಮ ಮನೆಯಲ್ಲಿ ಅಡುಗೆ ಮಾಡೋರು ಇಲ್ಲೇ ನನ್ನ ಕಾಲು ಒತ್ತುತ್ತಾ ಕೂತಿದ್ದಾರೆ. ಕರೆಯೋದಷ್ಟೇ ಯೋಚನೆ ಮಾಡಿದ್ದೆ, ಬೇಯಿಸೋದು ಯೋಚನೆ ಮಾಡಿರಲಿಲ್ಲ. ಕೈಸನ್ನೆಯಲ್ಲಿ ಒಲೆ ತೋರಿಸಿದೆ, ಬೆಂಕಿ ಆರಿಸಿದ ಹಾಗೆ ಊದಿ ತೋರಿಸಿದೆ. ಅಮ್ಮಿ "ಉರೀತಿದ್ಯಾ ಕಂದ" ಅಂತ ಐಸ್ ನೀರು ಕುಡಿಸಿದಳು. ಮೂರು ಸಲ ತೋರಿಸಿದೆ, ಮೂರು ಸಲ ಐಸ್ ನೀರು. ಅಮ್ಮಿಗೆ ಉರ್ದು ಓದು ಮಾತ್ರ, ದಾದಿಗೆ ಅದೂ ಇಲ್ಲ. ಕೊನೆಗೆ ಡಾಕ್ಟರ ಚೀಟಿಯ ಹಿಂಭಾಗದಲ್ಲಿ ಕನ್ನಡದಲ್ಲಿ ಬರೆದು ಅಬ್ಬಾನ ಕೈಗೆ ಕೊಟ್ಟೆ. ಅವರು ಅದನ್ನ ಮಡಚಿ ಜೇಬಿಗಿಟ್ಟುಕೊಂಡು ನೇರವಾಗಿ ಮೆಡಿಕಲ್ ಶಾಪಿಗೆ ಹೋದರು. ಅಲ್ಲಿಯವನು ಚೀಟಿಯ ಎರಡೂ ಕಡೆ ನಿಧಾನವಾಗಿ ಓದಿದನಂತೆ.

"ಸಾಹೇಬ್ರೇ, ಮುಂದ್ಗಡೆ ಬರ್ದಿರೋ ಮಾತ್ರೆ, ಸಿರಪ್ಪು ಕೊಡ್ತೀನಿ. ಹಿಂದ್ಗಡೆ ಬರ್ದಿರೋದು ನಮ್ ಅಂಗ್ಡೀಲಿ ಸಿಗಲ್ಲ."

ಹಿಂದ್ಗಡೆ ಇದ್ದದ್ದು ಇಷ್ಟು: 'ಇವತ್ತು ಮಗ್ರಿಬ್ ಆದ ಮೇಲೆ ಹನ್ನೆರಡು ಮನೆಯವರು ಊಟಕ್ಕೆ ಬರ್ತಾರೆ. ಒಲೆ ಬಂದ್ ಹೇಳಿದೀನಿ. ಹೊಡೀಬೇಡಿ.'

ಅಬ್ಬಾ ಅದನ್ನ ದಾದಿಗೆ ಹೇಳಿದ್ದು ಬಸ್ಸು ಹತ್ತಿ ಕೂತ ಮೇಲೆ, ನಾಲ್ಕು ಜನರ ಮುಂದೆ ಕೂಗಾಡಲಾರಳು ಅಂತ. ಅದು ಅವರ ತಪ್ಪು ಲೆಕ್ಕ.

"ಹನ್ನೆರಡು ಮನೇನಾ? ಮನೆಗೊಬ್ಬರಾ?"

"ಒಲೆ ಬಂದ್ ಅಮ್ಮಾ."

ದಾದಿ ಕೈ ಎತ್ತಿದಳು. ನನ್ನ ಕುತ್ತಿಗೆಗೆ ಅಬ್ಬಾ ಸುತ್ತಿದ್ದ ಹತ್ತಿ ನೋಡಿದಳು. ಎತ್ತಿದ ಕೈ ವೇಸ್ಟ್ ಆಗಬಾರದು ಅಂತ ಅಬ್ಬಾನ ಬೆನ್ನಿಗೆ ಒಂದು ಬಿಟ್ಟಳು. ಬಸ್ಸು ಇಳಿದ ತಕ್ಷಣ ಯಾರನ್ನಾದರೂ ಕಳಿಸಿ ಬೇಡ ಅಂತ ಹೇಳಿಸಿಬಿಡೋಣ ಅಂದಳು ಅಮ್ಮಿ, ಮೆಲ್ಲಗೆ.

"ಒಲೆ ಆರಿಸಿಕೊಂಡು ಕೂತಿರೋ ಮನೆಗೆ ಊಟ ಇಲ್ಲ ಅಂತ ಹೇಳಿ ಕಳಿಸ್ತೀಯಾ? ನಾನು ಸತ್ತ ಮೇಲೆ ಕಳಿಸು."

ಅಷ್ಟು ಹೇಳಿ, ಎಷ್ಟು ಅಕ್ಕಿ, ಎಷ್ಟು ಮಾಂಸ, ಯಾರ ಮನೆಯಿಂದ ದೊಡ್ಡ ದೇಗಡಿ ಪಾತ್ರೆ ತರೋದು ಎಂದು ದಾದಿ ಬೆರಳು ಮಡಚೋಕೆ ಶುರು ಮಾಡಿದಳು. ನನಗೆ ಜೀವ ಬಂದ ಹಾಗಾಯಿತು. ದಾವತ್ತು ಆಗೇ ಆಗುತ್ತೆ! ಗುಬ್ಬಿ ಹತ್ತಿರ ಬರುವಾಗ ಅವಳು ನಮ್ಮ ಕಡೆ ತಿರುಗಿದಳು.

"ಕೇಳ್ಕೊಳ್ಳಿ. ನಜೀರ್ ಕುರಾನ್ ಓದೋಕೆ ಕೂತಿದಾನೆ, ಅದಕ್ಕೆ ಈ ಊಟ. ಇವಳಿಗೆ ಬಾಯಿಹುಣ್ಣು, ಒಳಗೆ ಮಲಗಿರ್ತಾಳೆ. ಯಾರು ಕೇಳಿದ್ರೂ ಇದೇ ಮಾತು."

ಆಗ ನೋವಾಯಿತು ನೋಡಿ. ಗಂಟಲು ಕೊಯ್ಯಿಸಿಕೊಂಡಿದ್ದು ನಾನು, ಬಿಸಿಲಲ್ಲಿ ಬಾಗಿಲು ಬಾಗಿಲು ತಿರುಗಿದ್ದು ನಾನು, ದಾವತ್ತು ನಜೀರನಿಗೆ! ಬೀದಿಗೆಲ್ಲ ಆಗಲೇ ನಿಜ ಹೇಳಿದ್ದೀನಿ ಅಂತ ಒದರೋಣ ಅಂದ್ರೆ ಮಾತಾಡೋ ಹಾಗಿಲ್ಲ, ಅಳೋಣ ಅಂದ್ರೆ ಗಂಟಲು ಬಿಡ್ತಿಲ್ಲ. ಮನೆ ಮುಂದೆ ಫೂಫಿ ನಜೀರನ ಕೈ ಹಿಡಿದು ಕಾಯ್ತಾ ಕೂತಿದ್ದಳು, ಮಡಿಲಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಮಲ್ಲಿಗೆ ಹಾರ. ಅವಳು ಬಾಯಿ ತೆರೆಯುವ ಮೊದಲೇ ದಾದಿ ಕುರಾನಿನ ಕತೆ ಹೇಳಿ ಮುಗಿಸಿದಳು. ಫೂಫಿ ನನ್ನ ಕುತ್ತಿಗೆ ನೋಡಿದಳು, ತಾಯಿಯ ಮುಖ ನೋಡಿದಳು, "ಓ, ಹಾಗಾ" ಅಂದಳು. ಕುಣಿಗಲ್ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಅಷ್ಟಕ್ಕೇ ನಿಂತಿತು. ಹಾರ ನಜೀರನ ಕೊರಳಿಗೆ ಹೋಯಿತು.

ಮಗ್ರಿಬ್ ಆದ ಮೇಲೆ ಜನ ಬಂದರು. ಬಂದರು ಅಂದ್ರೆ, ನಿಜವಾಗಲೂ ತೊಟ್ಟಿಲ ಮಗುವಿನ ಸಮೇತ ಬಂದರು. ಗಂಡಸರು ಅಂಗಡಿಯಲ್ಲಿ ಹೊಲಿಯದೆ ಬಿಟ್ಟಿದ್ದ ಹಾಸಿಗೆಗಳ ಮೇಲೆ, ಹೆಂಗಸರು ನಡುಮನೆಯಲ್ಲಿ. ನಾನು ಕತ್ತಲೆ ಕೋಣೆಯ ಪರದೆ ಹಿಂದೆ. ಒಲೆ ಮುಂದೆ ಬೆವರು ಸುರಿಸುತ್ತಿದ್ದ ಅಮ್ಮಿ ಒಂದು ಸಲ ಒಳಗೆ ಬಂದು, ನನಗೆ ಈದಿನ ಹಸಿರು ಲಂಗ ತೊಡಿಸಿ ಹೋದಳು. ಬಾಗಿಲಲ್ಲಿ ದಾದಿ ಒಬ್ಬೊಬ್ಬರಿಗೂ ಕುರಾನ್ ವಿಷಯ ಹೇಳುತ್ತಿದ್ದಳು. ಎಲ್ಲರಿಗೂ ನಿಜ ಗೊತ್ತು, ಎಲ್ಲರೂ "ಮಾಷಾ ಅಲ್ಲಾ, ಮಾಷಾ ಅಲ್ಲಾ" ಅಂತ ನಜೀರನ ಗಲ್ಲ ಹಿಂಡಿ ಒಳಗೆ ಬಂದರು. ಅವನು ಒಂದೇ ವರ್ಷದಲ್ಲಿ ಎರಡನೇ ಸಲ ಕುದುರೆ ಬರುತ್ತೇನೋ ಅಂತ ಬೀದಿ ಕಡೆ ನೋಡುತ್ತಿದ್ದ. ಅವತ್ತು ಅವನನ್ನ ಎಷ್ಟು ದ್ವೇಷ ಮಾಡಿದೆ ಅಂದ್ರೆ, ಈಗ ಹೇಳೋಕೂ ನಾಚಿಕೆ ಆಗುತ್ತೆ.

ಬಿರಿಯಾನಿ ತಟ್ಟೆಗಳು ಬಂದವು. ದಾವತ್ತು ಯಾವ ಮಗುವಿಂದೋ ಆ ಮಗುವಿನ ಬಾಯಿಗೆ ಮೊದಲ ತುತ್ತು ಬೀಳಬೇಕು, ಆಮೇಲೇ ಉಳಿದವರು ಕೈ ಹಾಕೋದು. ಅದು ನಮ್ಮ ಬೀದಿಯ ಕ್ರಮ. ದಾದಿ ಬಿಸ್ಮಿಲ್ಲಾ ಹೇಳಿ ನಜೀರನ ಬಾಯಿಗೆ ತುತ್ತಿಟ್ಟಳು. ಅವನು ಅಗಿದು ನುಂಗಿದ. ಯಾರೂ ಕೈ ಹಾಕಲಿಲ್ಲ. ಮಧ್ಯಾಹ್ನದಿಂದ ಒಲೆ ಆರಿಸಿಕೊಂಡು ಬಂದ ಹೆಂಗಸರು, ಮುಂದೆ ಬಿಸಿ ಬಿಸಿ ಬಿರಿಯಾನಿ, ಕೈ ಮಡಿಲಲ್ಲಿ. ಅಳುವ ಮಕ್ಕಳನ್ನ ತಟ್ಟುತ್ತಾ ಸುಮ್ಮನೆ ಕೂತರು.

"ಊಟ ಮಾಡಿ, ತಣ್ಣಗಾಗುತ್ತೆ," ಅಂದಳು ದಾದಿ.

"ಆಯ್ತು ದಾದಿ, ಮಾಡ್ತೀವಿ," ಅಂದರು ಯಾರೋ. ಕೈ ಮಾತ್ರ ಅಲ್ಲಾಡಲಿಲ್ಲ. ಫೂಫಿಯೂ ತಟ್ಟೆ ನೋಡುತ್ತಾ ಕೂತಿದ್ದಳು. ದಾದಿ ಇನ್ನೊಂದು ತುತ್ತು ನಜೀರನಿಗೆ ಕೊಟ್ಟಳು. ಅವನು ಅದನ್ನೂ ನುಂಗಿದ.

ಗೋಡೆ ಪಕ್ಕ, ಅನ್ನ ತಿಳಿಸಾರಿನ ಎಲೆ ಮುಂದೆ ಕೂತಿದ್ದ ಗಂಗಮ್ಮನಿಗೆ ತಡೆಯಲಾಗಲಿಲ್ಲ.

"ಏನಜ್ಜಿ, ಇನ್ನೂ ಗೊತ್ತಾಗ್ನಿಲ್ವಾ? ಆಪ್ರೇಸನ್ ಮಾಡ್ಸ್ಕೊಂಡು ಬಂದಿರೋ ಮಗೀಗೆ ಮೊದ್ಲು ತಿನ್ಸಿ ಅಂತ ಕಾಯ್ತಾವ್ರೆ. ಕರ್ದಿದ್ದು ಅವ್ಳು ತಾನೆ?"

ದಾದಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಅವಳು ಮಂಡಿಗೆ ಕೈ ಊರಿ ಎದ್ದಳು. ಪರದೆ ಸರಿಸಿದಳು. ಇವತ್ತು ನನ್ನ ಕತೆ ಮುಗೀತು ಅಂತ ನಾನು ಗೋಡೆಗೆ ಅಂಟಿಕೊಂಡೆ. ಅವಳು ನನ್ನನ್ನ, ನನ್ನ ಹಸಿರು ಲಂಗವನ್ನ ಸ್ವಲ್ಪ ಹೊತ್ತು ನೋಡಿ, ತೋಳು ಹಿಡಿದು ಹೊರಗೆ ಕರೆತಂದು ಎಲ್ಲರ ನಡುವೆ ಕೂರಿಸಿದಳು. ನಜೀರನ ಕೊರಳಿಂದ ಹಾರ ತೆಗೆದು ನನಗೆ ಹಾಕಿದಳು. ಅವನು ಅಷ್ಟರಲ್ಲಿ ಮೂರನೇ ತುತ್ತು ತಾನೇ ಬಾಯಿಗೆ ತುಂಬಿಕೊಂಡಿದ್ದರಿಂದ ತಕರಾರು ಮಾಡಲಿಲ್ಲ.

ಬಿರಿಯಾನಿ ನನಗೆ ತಿನ್ನೋಕಾಗಲ್ಲ. ಗಂಗಮ್ಮ ಕಡಬದ ತೋಟದಿಂದ ಎಳನೀರು ತರಿಸಿ, ಒಳಗಿನ ತೆಳು ಗಂಜಿಯನ್ನ ಲೋಟದಲ್ಲಿ ತಣ್ಣಗೆ ಮಾಡಿ ತಂದಿದ್ದರು. ದಾದಿ ಅದರಲ್ಲಿ ಒಂದು ಚಮಚ ತೆಗೆದು ನನ್ನ ಬಾಯಿಗಿಟ್ಟಳು. ಹನ್ನೆರಡು ಮನೆಯ ಹೆಂಗಸರು, ಮಕ್ಕಳು, ಅಂಗಡಿ ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ ಅಬ್ಬಾ, ಎಲ್ಲರ ಕಣ್ಣೂ ನನ್ನ ಗಂಟಲ ಮೇಲೆ. ನಾನು ಮುಖ ಹಿಂಡಿದರೆ ಅದು ಬರೀ ಕಾಯಿಲೆ ಆಗಿಬಿಡುತ್ತೆ ಅಂತ ನನಗೆ ಗೊತ್ತಿತ್ತು. ನುಂಗಿದೆ. ಕೆಂಡ ಇಳಿದ ಹಾಗೆ ಇಳೀತು. ಕಣ್ಣು ಮಿಟುಕಿಸಲಿಲ್ಲ. ಬಾಯಿ ತುಂಬ ನಕ್ಕೆ.

ದಾದಿ ಸೆರಗಿನಿಂದ ನನ್ನ ತುಟಿ ಒರೆಸಿದಳು, ಅದೇ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು, ಆಮೇಲೆ ಎಲ್ಲರ ಕಡೆ ತಿರುಗಿ ಬೀದಿಗೆ ಕೇಳುವ ಹಾಗೆ ಗದರಿಸಿದಳು.

"ಏನು ನೋಡ್ತಾ ಕೂತಿದೀರಾ? ಕೈ ಹಾಕಿ. ನನ್ನ ಮೊಮ್ಮಗಳ ದಾವತ್ತು ಇದು."